ಗುಂಡಿ ತೋಡಿದವನೇ ಮುಚ್ಚಬೇಕು

ಕೃಷಿ – ಆರೋಗ್ಯ
ಕಾರ್ಖಾನೆ ಮುಚ್ಚಿದ ಜಾಗ ಮುಂದೆ ಯಾವುದಕ್ಕೆ?

ಮೊಂತಿ ಹಬ್ಬ ಕಳೆದ ಮರು ಭಾನುವಾರ. ಪೂಜೆ ಮುಗಿದು ಎಲ್ಲರೂ ಇಗರ್ಜಿಯ ಅಂಗಳಕ್ಕೆ ಇಳಿದಿದ್ದರು. ನಮ್ಮ ವಾಳೆಯ ಹಿರಿಯ ಕೃಷಿಕರೊಬ್ಬರು ನನ್ನನ್ನು ಬದಿಗೆ ಕರೆದರು.

"ಮಾಸ್ಟ್ರೇ, ಒಂದು ವಿಷಯ ಕೇಳ್ಬೇಕಿತ್ತು. ಮಗ ಗಲ್ಫಿನಿಂದ ಹಣ ಕಳುಹಿಸಿದ್ದಾನೆ. ಪೇಟೆಯ ಹತ್ತಿರ ನಲವತ್ತು ಸೆಂಟ್ಸ್ ಜಾಗ ಉಂಟು. ಸಮತಟ್ಟು. ಬಾವಿ ಉಂಟು, ಕರೆಂಟ್ ಉಂಟು. ಬೇರೆ ಕಡೆಗಿಂತ ಅರ್ಧ ಕ್ರಯ. ಮುಂಗಡ ಕೊಡ್ಲಾ?"

"ಅರ್ಧ ಕ್ರಯ ಯಾಕಂತೆ?"

"ಮೊದಲು ಅಲ್ಲಿ ಒಂದು ಶೆಡ್ ಇತ್ತಂತೆ. ಹಳೆ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದರಂತೆ. ಅದು ಮುಚ್ಚಿ ಎಂಟು ಹತ್ತು ವರ್ಷ ಆಯ್ತು. ಈಗ ಹುಲ್ಲು ಬೆಳೆದಿದೆ ಮಾಸ್ಟ್ರೇ, ದನ ಮೇಯ್ತವೆ."

ಹುಲ್ಲು ಬೆಳೆದರೆ ಜಾಗ ಒಳ್ಳೆಯದು, ದನ ಮೇಯ್ದರೆ ಇನ್ನೂ ಒಳ್ಳೆಯದು ಎಂಬುದು ನಾವು ರೈತರು ತಲೆತಲಾಂತರದಿಂದ ನಂಬಿಕೊಂಡು ಬಂದ ಲೆಕ್ಕ. ಸೆಗಣಿ, ಸೊಪ್ಪು, ಬೂದಿಯ ಕಾಲಕ್ಕೆ ಆ ಲೆಕ್ಕ ಸರಿಯಾಗಿತ್ತು. ಸೀಸ, ಪಾದರಸ, ಕ್ರೋಮಿಯಂಗಳ ಕಾಲಕ್ಕೆ ಅದು ಸಾಲದು. ಅವರಿಗೆ ಅಂದು ನಾನು ಅರ್ಧ ಉತ್ತರ ಮಾತ್ರ ಕೊಟ್ಟೆ: "ಮಣ್ಣು ಪರೀಕ್ಷೆ ಮಾಡಿಸದೆ ಒಂದು ರೂಪಾಯಿಯೂ ಕೊಡಬೇಡಿ." ಉಳಿದ ಅರ್ಧವನ್ನು ಈ ತಿಂಗಳ ಅಂಕಣದಲ್ಲಿ ಎಲ್ಲರಿಗೂ ಹೇಳುತ್ತಿದ್ದೇನೆ. ಏಕೆಂದರೆ ಈ ಪ್ರಶ್ನೆ ಒಂದು ಮನೆಯದ್ದಲ್ಲ.

ಎತ್ತು ಬಿದ್ದ ಗುಂಡಿ

ಪವಿತ್ರ ಗ್ರಂಥದ ವಿಮೋಚನಾಕಾಂಡದ 21ನೇ ಅಧ್ಯಾಯದಲ್ಲಿ ರೈತರಿಗೆ ಸಂಬಂಧಿಸಿದ ಒಂದು ಸಣ್ಣ ಕಾನೂನು ಇದೆ. ಒಬ್ಬನು ಗುಂಡಿ ತೋಡಿ ಮುಚ್ಚದೆ ಬಿಟ್ಟರೆ, ಅದರಲ್ಲಿ ಮತ್ತೊಬ್ಬನ ಎತ್ತೋ ಕತ್ತೆಯೋ ಬಿದ್ದು ಸತ್ತರೆ, ಗುಂಡಿಯ ಯಜಮಾನನೇ ನಷ್ಟ ತುಂಬಿಕೊಡಬೇಕು. ಎತ್ತು ನೋಡಿ ನಡೆಯಬೇಕಿತ್ತು ಎಂದು ಅವನು ನೆಪ ಹೇಳುವಂತಿಲ್ಲ. ಗುಂಡಿ ತೋಡಿದ ಕೆಲಸ ಮುಗಿಯಿತು, ನಾನು ಆ ಜಾಗ ಬಿಟ್ಟುಹೋದೆ ಎಂದೂ ಹೇಳುವಂತಿಲ್ಲ.

ಇಂದಿನ ಪರಿಸರ ಕಾನೂನು "ಕೆಡಿಸಿದವನೇ ತೆರಬೇಕು" ಎಂದು ಹೇಳುವುದು ಇದೇ ನ್ಯಾಯವನ್ನು. ವ್ಯತ್ಯಾಸ ಇಷ್ಟೇ: ಎತ್ತು ಬೀಳುವ ಗುಂಡಿ ಕಣ್ಣಿಗೆ ಕಾಣುತ್ತದೆ. ಕಾರ್ಖಾನೆ ಬಿಟ್ಟುಹೋದ ಗುಂಡಿಯ ಮೇಲೆ ಹುಲ್ಲು ಬೆಳೆದಿರುತ್ತದೆ.

ಒಂದು ಡಾಲರಿನ ಜಾಗ

ಕಾಣದ ಗುಂಡಿಯ ಮೇಲೆ ಊರು ಕಟ್ಟಿದರೆ ಏನಾಗುತ್ತದೆ ಎಂಬುದನ್ನು ಜಗತ್ತಿಗೆ ತೋರಿಸಿದ್ದು ಅಮೆರಿಕದ ನಯಾಗರಾ ಫಾಲ್ಸ್ ಪಟ್ಟಣದ 'ಲವ್ ಕೆನಾಲ್' ಎಂಬ ಬಡಾವಣೆ. ಅರ್ಧಕ್ಕೆ ನಿಂತುಹೋದ ಹಳೆಯ ಕಾಲುವೆಯೊಂದರಲ್ಲಿ ಹೂಕರ್ ಕೆಮಿಕಲ್ ಎಂಬ ಕಂಪನಿ 1940ರ ದಶಕದಿಂದ ಸುಮಾರು ಹತ್ತು ವರ್ಷ ತನ್ನ ರಾಸಾಯನಿಕ ಕಸವನ್ನು ಹೂತಿತು. ಅದರ ಲೆಕ್ಕ ಸುಮಾರು 21,000 ಟನ್. ಮೇಲೆ ಮಣ್ಣು ಮುಚ್ಚಿ 1953ರಲ್ಲಿ ಆ ಜಾಗವನ್ನು ಊರಿನ ಶಾಲಾ ಮಂಡಳಿಗೆ ಒಂದು ಡಾಲರಿಗೆ ಬರೆದುಕೊಟ್ಟಿತು. ಇಲ್ಲಿ ರಾಸಾಯನಿಕ ಹೂತಿದೆ, ಮುಂದೆ ಏನಾದರೂ ಆದರೆ ನಾವು ಜವಾಬ್ದಾರರಲ್ಲ ಎಂಬ ಮಾತು ಕ್ರಯಪತ್ರದಲ್ಲಿಯೇ ಇತ್ತು.

ಅಲ್ಲಿ ಶಾಲೆ ಎದ್ದಿತು. ಶಾಲೆಯ ಸುತ್ತ ಮನೆಗಳೆದ್ದವು. ಮನೆ ಕೊಂಡ ಕಾರ್ಮಿಕ ಕುಟುಂಬಗಳಿಗೆ ಆ ಹಳೆಯ ಪತ್ರದ ಮಾತು ತಿಳಿದಿರಲಿಲ್ಲ. 1970ರ ದಶಕದಲ್ಲಿ ಮಳೆ ಹಿಮ ಜಾಸ್ತಿಯಾಗಿ ನೆಲದೊಳಗಿನ ನೀರು ಏರಿದಾಗ ಹೂತದ್ದೆಲ್ಲ ಮೇಲೆ ಬಂತು. ನೆಲಮಾಳಿಗೆಗಳಲ್ಲಿ ಕಪ್ಪು ರಸ ಒಸರಿತು, ಮಕ್ಕಳು ಕಾಯಿಲೆ ಬಿದ್ದರು. ಲೋಯಿಸ್ ಗಿಬ್ಸ್ ಎಂಬ ಸಾಧಾರಣ ಗೃಹಿಣಿ ತನ್ನ ಮಗುವನ್ನು ಆ ಶಾಲೆಯಿಂದ ಬಿಡಿಸಲು ಹೋಗಿ, ಅದು ಸಾಧ್ಯವಾಗದೆ ಮನೆಮನೆ ತಿರುಗಿ ಸಹಿ ಸಂಗ್ರಹಿಸಿದರು. 1978ರಲ್ಲಿ ಅಧ್ಯಕ್ಷ ಕಾರ್ಟರ್ ತುರ್ತುಸ್ಥಿತಿ ಘೋಷಿಸಿದರು. ನೂರಾರು ಕುಟುಂಬಗಳನ್ನು ಅಲ್ಲಿಂದ ಎಬ್ಬಿಸಬೇಕಾಯಿತು. ಕೆಟ್ಟ ಜಾಗಗಳನ್ನು ಶುದ್ಧಮಾಡಲು 'ಸೂಪರ್ ಫಂಡ್' ಎಂದು ಹೆಸರಾದ ಕಾನೂನು ಅಮೆರಿಕದಲ್ಲಿ 1980ರಲ್ಲಿ ಬಂತು.

ಆಮೇಲೆ ನಡೆದದ್ದನ್ನೂ ನಾವು ಗಮನಿಸಬೇಕು. ವರ್ಷಗಟ್ಟಲೆ ಪರೀಕ್ಷೆಯ ನಂತರ 1988ರಲ್ಲಿ ಅಲ್ಲಿನ ಆರೋಗ್ಯ ಇಲಾಖೆ ಆ ಪ್ರದೇಶವನ್ನು ಭಾಗಮಾಡಿ ಹೇಳಿತು: ಈ ಭಾಗದಲ್ಲಿ ಜನ ವಾಸಿಸಬಹುದು, ಆ ಭಾಗ ವಾಸಕ್ಕಲ್ಲ, ವ್ಯಾಪಾರ ಅಥವಾ ಕೈಗಾರಿಕೆಗೆ ಮಾತ್ರ. ಕಸ ಹೂತ ಕಾಲುವೆಯೋ, ಮಣ್ಣು ಹೊದಿಸಿ ಬೇಲಿ ಹಾಕಿ ಯಾವ ಬಳಕೆಗೂ ಇಲ್ಲದೆ ಉಳಿಯಿತು. ಒಂದೇ ಬಡಾವಣೆಯಲ್ಲಿ ಮೂರು ಬಗೆಯ ತೀರ್ಪು. ಕೆಟ್ಟ ಭೂಮಿಯ ಮುಂದಿನ ಬಳಕೆಯನ್ನು ನಿಯಂತ್ರಿಸುವುದು ಎಂದರೆ ಇದೇ.

ಭೂಮಿ ಹೇಗೆ ಕೆಡುತ್ತದೆ?

ಸಗಣಿ ಕೊಳೆತು ಗೊಬ್ಬರವಾಗುತ್ತದೆ, ಎಲೆ ಕೊಳೆತು ಮಣ್ಣಾಗುತ್ತದೆ. ಆದರೆ ಸೀಸ, ಪಾದರಸ, ಕ್ಯಾಡ್ಮಿಯಂ, ಕ್ರೋಮಿಯಂ ಇವು ಲೋಹಗಳು. ಲೋಹ ಕೊಳೆಯುವುದಿಲ್ಲ. ಕಾರ್ಖಾನೆ ಮುಚ್ಚಿ ಹತ್ತು ವರ್ಷವಾದರೂ, ಐವತ್ತು ವರ್ಷವಾದರೂ, ತೆಗೆಯದ ಹೊರತು ಅಲ್ಲಿಯೇ ಇರುತ್ತದೆ. ಗಾಳಿಗೆ ಧೂಳಾಗಿ, ಮಳೆಗೆ ಕೆಸರಾಗಿ ಪಕ್ಕದ ಜಾಗಕ್ಕೂ ಹೋಗುತ್ತದೆ. ನಮ್ಮ ಮುರಕಲ್ಲಿನ ಮಣ್ಣು ಸ್ವಭಾವತಃ ಹುಳಿ. ಹುಳಿ ಮಣ್ಣಿನಲ್ಲಿ ಸೀಸ, ಕ್ಯಾಡ್ಮಿಯಂಗಳು ಸುಲಭವಾಗಿ ಕರಗಿ ಬೇರಿಗೂ ಬಾವಿಗೂ ದಾರಿ ಹುಡುಕುತ್ತವೆ.

ತಮಿಳುನಾಡಿನ ರಾಣಿಪೇಟೆಯಲ್ಲಿ ಕ್ರೋಮಿಯಂ ರಾಸಾಯನಿಕ ತಯಾರಿಸುತ್ತಿದ್ದ ಕಾರ್ಖಾನೆಯೊಂದು 1995ರಲ್ಲಿ ಮುಚ್ಚಿತು. ಕೆಲಸ ನಿಂತಿತು, ಯಂತ್ರ ನಿಂತಿತು. ಆದರೆ ಎರಡು ಲಕ್ಷ ಟನ್ನಿಗೂ ಮಿಕ್ಕಿದ ವಿಷದ ಕಸ ಬಯಲಿನಲ್ಲಿ ಗುಡ್ಡೆಯಾಗಿ ಉಳಿಯಿತು. ಮಳೆ ಬಂದಾಗ ಅದರಿಂದ ಹಳದಿ ನೀರು ಹರಿದು ನೆಲಕ್ಕಿಳಿಯಿತು. ಮುಚ್ಚಿದ ಕಾರ್ಖಾನೆ ಸತ್ತ ಕಾರ್ಖಾನೆಯಲ್ಲ.

ನಮ್ಮ ಕೃಷಿಕರು ಹೇಳಿದ ಆ ಜಾಗದ ಸಂಗತಿ ಸೀಸದ್ದು. ಸೀಸ ಮಕ್ಕಳ ಶತ್ರು. ಇಷ್ಟರವರೆಗೆ ಸೀಸ ದೇಹಕ್ಕೆ ಹೋದರೆ ಚಿಂತೆಯಿಲ್ಲ ಎಂಬ ಮಟ್ಟವೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೊಟ್ಟೆಗೆ ಹೋದ ಸೀಸವನ್ನು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುವುದು ಸಣ್ಣ ಮಕ್ಕಳ ದೇಹ. ನೆಲದಲ್ಲಿ ಆಡುವವರೂ ಅವರೇ, ಕೈ ಬಾಯಿಗೆ ಹಾಕುವವರೂ ಅವರೇ. ರಕ್ತ ಕಡಿಮೆಯಾಗುತ್ತದೆ, ಹೊಟ್ಟೆನೋವು ಬರುತ್ತದೆ. ಅದಕ್ಕಿಂತ ದೊಡ್ಡದು ಬುದ್ಧಿಯ ಬೆಳವಣಿಗೆ ಕುಂಠಿತವಾಗುವುದು. ಮಗು ಕಲಿಕೆಯಲ್ಲಿ ಹಿಂದೆ ಬೀಳುತ್ತದೆ, ನಾವು 'ಮಂಡೆಗೆ ಹತ್ತುವುದಿಲ್ಲ' ಎಂದು ಬೈಯುತ್ತೇವೆ. ಕಾರಣ ಅಂಗಳದ ಮಣ್ಣಿನಲ್ಲಿರುತ್ತದೆ. ಎಲುಬಿನಲ್ಲಿ ಸೇರಿಕೊಂಡ ಸೀಸ ತಾಯಿ ಗರ್ಭಿಣಿಯಾದಾಗ ಮತ್ತೆ ರಕ್ತಕ್ಕೆ ಬಂದು ಹೊಟ್ಟೆಯ ಶಿಶುವನ್ನೂ ಮುಟ್ಟುತ್ತದೆ.

ದನಗಳಿಗೂ ಇದು ಕೆಟ್ಟದ್ದೇ. ಒಡೆದ ಬ್ಯಾಟರಿಯ ಚೂರನ್ನು ನೆಕ್ಕುವುದು ದನಗಳ ಚಾಳಿ. ಸೀಸ ಏರಿದ ದನ ಕಣ್ಣು ಕಾಣದೆ ತಡವರಿಸುತ್ತದೆ, ಗೋಡೆಗೆ ತಲೆ ಒತ್ತಿ ನಿಲ್ಲುತ್ತದೆ, ಹಲ್ಲು ಕಡಿಯುತ್ತದೆ. ಅಂತಹ ದನದ ಹಾಲು ಮನೆಗೆ ಬರಬಾರದು, ಸೊಸೈಟಿಗೂ ಹೋಗಬಾರದು.

ಬಿಛ್ರಿಯ ಬಾವಿಗಳು

ರಾಜಸ್ಥಾನದ ಉದಯಪುರದ ಹತ್ತಿರ ಬಿಛ್ರಿ ಎಂಬ ಹಳ್ಳಿ ಇದೆ. 1980ರ ದಶಕದ ಕೊನೆಯಲ್ಲಿ ಅಲ್ಲಿ 'ಎಚ್ ಆಸಿಡ್' ಎಂಬ ಬಣ್ಣದ ಕಚ್ಚಾ ಸಾಮಗ್ರಿ ತಯಾರಿಸಿದರು. ತಯಾರಿಸಿದ್ದು ಕೆಲವೇ ಕಾಲ. ಉಳಿದ ಕೆಸರು ಸುಮಾರು 2,400 ಟನ್. ಅದನ್ನು ಬಯಲಿನಲ್ಲಿ ಸುರಿದರು. ಮಳೆಗೆ ಅದು ನೆಲಕ್ಕಿಳಿದು ಸುತ್ತಿನ ಹಳ್ಳಿಗಳ ಬಾವಿನೀರು ಬಣ್ಣಗೆಟ್ಟು, ಕುಡಿಯಲೂ ಬಾರದು, ಹೊಲಕ್ಕೂ ಬಾರದು ಎಂಬಂತಾಯಿತು.

1996ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ತೀರ್ಪು ಕೊಟ್ಟಿತು. ಅಪಾಯದ ಉದ್ಯಮ ನಡೆಸುವವನು ಅದರಿಂದಾದ ಕೇಡಿಗೆ ತಾನೇ ಹೊಣೆ. ಮಣ್ಣು ಮತ್ತು ನೀರನ್ನು ಸರಿಪಡಿಸುವ ಖರ್ಚೂ ಅವನದೇ. ನಮ್ಮ ದೇಶದಲ್ಲಿ 'ಕೆಡಿಸಿದವನೇ ತೆರಬೇಕು' ಎಂಬ ತತ್ವಕ್ಕೆ ಗಟ್ಟಿ ಬುನಾದಿ ಹಾಕಿದ ತೀರ್ಪುಗಳಲ್ಲಿ ಇದೊಂದು. ಆದರೆ ತೀರ್ಪು ಬಂದ ಮಾತ್ರಕ್ಕೆ ಹಣ ಬರಲಿಲ್ಲ. ಅರ್ಜಿಯ ಮೇಲೆ ಅರ್ಜಿ ಹಾಕಿ ಕಂಪನಿ ಕಾಲ ತಳ್ಳಿತು. 2011ರಲ್ಲಿ ಅದೇ ಕೋರ್ಟು 37 ಕೋಟಿ ರೂಪಾಯಿಗೂ ಮಿಕ್ಕಿದ ಮೊತ್ತವನ್ನು 1997ರಿಂದ ಚಕ್ರಬಡ್ಡಿ ಸಮೇತ ಕಟ್ಟಲು ಹೇಳಬೇಕಾಯಿತು. ಹದಿನೈದು ವರ್ಷಗಳಲ್ಲಿ ಒಬ್ಬ ರೈತನ ಮಗಳು ಹುಟ್ಟಿ ಹೈಸ್ಕೂಲು ಮುಟ್ಟುತ್ತಾಳೆ. ಅಷ್ಟು ಕಾಲವೂ ಬಾವಿ ಕಾಯಲಾರದು.

ಎಷ್ಟು ಶುದ್ಧವಾದರೆ ಸಾಕು?

ಕೊಡೈಕೆನಾಲ್ ಎಂದರೆ ನಮಗೆ ಪ್ರವಾಸದ ನೆನಪು. ಆ ಬೆಟ್ಟದಲ್ಲಿ 1980ರ ದಶಕದಲ್ಲಿ ಥರ್ಮಾಮೀಟರ್ ಕಾರ್ಖಾನೆಯೊಂದು ಬಂತು. ಅಮೆರಿಕದಿಂದ ಕಿತ್ತು ತಂದ ಯಂತ್ರಗಳು. ಮುಂದೆ ಅದು ಹಿಂದೂಸ್ತಾನ್ ಲಿವರ್ ಕಂಪನಿಯ ಕೈಗೆ ಬಂತು. 2001ರ ಮಾರ್ಚ್‌ನಲ್ಲಿ ಊರಿನ ಒಂದು ಗುಜರಿ ಅಂಗಡಿಯಲ್ಲಿ ಪಾದರಸ ಹತ್ತಿದ ಒಡಕು ಗಾಜು 7 ಟನ್ನಿಗೂ ಹೆಚ್ಚು ಸಿಕ್ಕಿತು. ಊರವರು ಮತ್ತು ಪರಿಸರ ಸಂಘಟನೆಗಳು ಎದ್ದು ನಿಂತದ್ದರಿಂದ ಅದೇ ವರ್ಷ ಕಾರ್ಖಾನೆ ಮುಚ್ಚಿತು. 2003ರಲ್ಲಿ 290 ಟನ್ ಪಾದರಸದ ಕಸವನ್ನು ಹಡಗಿನಲ್ಲಿ ಅಮೆರಿಕಕ್ಕೆ ವಾಪಸು ಕಳುಹಿಸಲಾಯಿತು. 2016ರಲ್ಲಿ ಕಂಪನಿ 591 ಮಂದಿ ಮಾಜಿ ಕಾರ್ಮಿಕರೊಂದಿಗೆ ಪರಿಹಾರದ ಒಪ್ಪಂದ ಮಾಡಿಕೊಂಡಿತು.

ಆದರೆ ಮಣ್ಣು? ಅದನ್ನು ಎಷ್ಟರವರೆಗೆ ಶುದ್ಧಮಾಡಬೇಕು ಎಂಬ ವಾದ ಕಾರ್ಖಾನೆ ಮುಚ್ಚಿದ ಮೇಲೂ ವರ್ಷಗಟ್ಟಲೆ ನಡೆಯಿತು. ಒಂದು ಕಿಲೋ ಮಣ್ಣಿನಲ್ಲಿ 20 ಮಿಲಿಗ್ರಾಂ ಪಾದರಸ ಉಳಿದರೆ ಪರವಾಗಿಲ್ಲ ಎಂಬ ಗುರಿ ಇಟ್ಟರು. ಕೆಳಗೆ ಶೋಲಾ ಕಾಡು ಇದೆ, ಹೊಳೆ ಇದೆ, ಆ ನೀರು ಬಯಲುಸೀಮೆಯ ರೈತರಿಗೆ ಹೋಗುತ್ತದೆ, ಇಷ್ಟು ಸಾಕೇ ಎಂದು ಜನ ಕೇಳಿದರು. ಕೊಡೈಕೆನಾಲಿನ ಜಗಳದ ತಿರುಳು ಇದೇ. 'ಶುದ್ಧ' ಎಂಬ ಮಾತಿಗೆ ಒಂದೇ ಅರ್ಥವಿಲ್ಲ. ಆ ಜಾಗವನ್ನು ಮುಂದೆ ಯಾವುದಕ್ಕೆ ಬಳಸುತ್ತೇವೆ, ಅದರ ಕೆಳಗೆ ಯಾರಿದ್ದಾರೆ ಎಂಬುದರ ಮೇಲೆ ಅದರ ಅರ್ಥ ನಿಲ್ಲುತ್ತದೆ.

ಸೀಸದ ಉದಾಹರಣೆಯನ್ನೇ ನೋಡಿ. ಕೆನಡಾ ದೇಶದ ಮಾರ್ಗಸೂಚಿಯ ಪ್ರಕಾರ ಒಂದು ಕಿಲೋ ಮಣ್ಣಿನಲ್ಲಿ ಇರಬಹುದಾದ ಸೀಸದ ಮಿತಿ ಹೀಗಿದೆ:

ಕೃಷಿ ಭೂಮಿ – 70 ಮಿಲಿಗ್ರಾಂ
ವಾಸದ ಜಾಗ, ಆಟದ ಬಯಲು – 140 ಮಿಲಿಗ್ರಾಂ
ಅಂಗಡಿ, ಕಚೇರಿ – 260 ಮಿಲಿಗ್ರಾಂ
ಕೈಗಾರಿಕೆ – 600 ಮಿಲಿಗ್ರಾಂ

ಒಂದೇ ಮಣ್ಣು ಗೋದಾಮಿಗೆ ಆದೀತು, ಮನೆಗೆ ಆಗದು. ಮನೆಗೆ ಆದೀತು, ಬಸಳೆ ಚಪ್ಪರಕ್ಕೆ ಆಗದು. ಎಲ್ಲಕ್ಕಿಂತ ಬಿಗಿಯಾದ ಮಿತಿ ರೈತನ ಗದ್ದೆಗೆ. ಹಾಗಿರಬೇಕಾದ್ದೇ ಸರಿ. ಆದರೆ ಇಲ್ಲೊಂದು ಅಪಾಯವೂ ಇದೆ. ಕೈಗಾರಿಕೆಯ ಮಟ್ಟಕ್ಕೆ ಮಾತ್ರ ಶುದ್ಧಮಾಡಿದ ಜಾಗವನ್ನು ಇಪ್ಪತ್ತು ವರ್ಷದ ಮೇಲೆ ಯಾರೋ ತುಂಡುಮಾಡಿ ಮನೆ ನಿವೇಶನವೆಂದು ಮಾರಬಹುದು. ಆದ್ದರಿಂದ ಯಾವ ಮಟ್ಟಕ್ಕೆ ಶುದ್ಧವಾಗಿದೆ, ಯಾವುದಕ್ಕೆ ಬಳಸಬಾರದು ಎಂಬುದು ಜಾಗದ ದಾಖಲೆಯ ಜೊತೆಗೇ ಹೋಗಬೇಕು. ಮಾರಿದವನ ಬಾಯಿಮಾತಿನಲ್ಲಿ ಉಳಿಯಬಾರದು. ಲವ್ ಕೆನಾಲಿನ ಎಚ್ಚರಿಕೆ ಪತ್ರದಲ್ಲಿತ್ತು. ಮನೆ ಕೊಂಡವರ ಕೈಗೆ ಅದು ತಲುಪಲಿಲ್ಲ.

ನಾವು ತಪ್ಪಿಸಿಕೊಂಡೆವು, ಆದರೆ...

ನಮ್ಮ ಕೃಷಿಕರ ಕತೆಗೆ ಬರೋಣ. ಅವರು ಮಾರುವವರ ಹತ್ತಿರ ಮಣ್ಣು ಪರೀಕ್ಷೆಯ ಮಾತೆತ್ತಿದರು. "ನಿಮಗೆ ಬೇಕಾದರೆ ತಗೊಳ್ಳಿ, ಬೇಡದಿದ್ದರೆ ಬಿಡಿ, ತಗೊಳ್ಳುವವರು ಬೇರೆ ಇದ್ದಾರೆ" ಎಂಬ ಉತ್ತರ ಬಂತು. ಮನೆಯಲ್ಲಿ ಎರಡು ದಿನ ಚರ್ಚೆಯಾಯಿತು. "ಮಗನ ಬೆವರಿನ ಹಣ, ಮೊಮ್ಮಕ್ಕಳು ಆಡುವ ಅಂಗಳ, ಬೇಡ" ಎಂದರಂತೆ ಮನೆಯ ಅಜ್ಜಿ. ಜಾಗ ಬಿಟ್ಟರು. ನಾನೂ ಒಂದು ಒಳ್ಳೆಯ ಸಲಹೆ ಕೊಟ್ಟೆನೆಂದು ಸಮಾಧಾನ ಪಟ್ಟೆ.

ಕೆಲವು ತಿಂಗಳ ಹಿಂದೆ ಮದುವೆಯೊಂದಕ್ಕೆ ಆ ದಾರಿಯಾಗಿ ಹೋಗಿದ್ದೆ. ಆ ಜಾಗದಲ್ಲಿ ಬಾಡಿಗೆ ಕೋಣೆಗಳ ಸಾಲು ಎದ್ದಿತ್ತು. ದೂರದ ರಾಜ್ಯಗಳಿಂದ ಕೂಲಿಗೆ ಬಂದವರ ಸಂಸಾರಗಳು. ಹಗ್ಗದ ಮೇಲೆ ಬಟ್ಟೆ ಒಣಗುತ್ತಿತ್ತು. ಎರಡು ಸಣ್ಣ ಮಕ್ಕಳು ತೆಂಗಿನ ಗೆರಟೆಯಲ್ಲಿ ಮಣ್ಣು ತುಂಬಿ ಅಡುಗೆ ಆಟ ಆಡುತ್ತಿದ್ದವು.

ನಮ್ಮ ಎತ್ತು ಗುಂಡಿಗೆ ಬೀಳಲಿಲ್ಲ. ಗುಂಡಿ ಮಾತ್ರ ಹಾಗೆಯೇ ಉಳಿಯಿತು. ಒಬ್ಬರು ಜಾಣತನದಿಂದ ಬಿಟ್ಟ ಜಾಗ ಜಾಣತನಕ್ಕೆ ದಾರಿಯಿಲ್ಲದವರ ಪಾಲಾಗುತ್ತದೆ. ಆದ್ದರಿಂದಲೇ ಇದು ಒಬ್ಬೊಬ್ಬರ ಎಚ್ಚರಿಕೆಗೆ ಬಿಡುವ ವಿಷಯವಲ್ಲ, ಕಾನೂನು ಬೇಕು, ಮತ್ತು ಆ ಕಾನೂನನ್ನು ಎಬ್ಬಿಸಿ ನಡೆಸುವ ಜನ ಬೇಕು.

2025ರ ಹೊಸ ನಿಯಮ

ನಮ್ಮ ದೇಶದಲ್ಲಿ ಕಾರ್ಖಾನೆ ನಡೆಯುವಾಗ ಪಾಲಿಸಬೇಕಾದ ನಿಯಮಗಳು ಬಹಳ ಇದ್ದವು. ಮುಚ್ಚಿ ಹೋದ ಮೇಲೆ ಉಳಿದ ಕೆಟ್ಟ ಜಾಗಕ್ಕೆಂದೇ ಪ್ರತ್ಯೇಕ ನಿಯಮ ಇರಲಿಲ್ಲ. 1986ರ ಪರಿಸರ ಸಂರಕ್ಷಣಾ ಕಾಯಿದೆಯಡಿ ಕಲುಷಿತ ಸ್ಥಳಗಳ ನಿರ್ವಹಣೆಗೆಂದು ಕೇಂದ್ರ ಸರಕಾರ 2025ರ ಜುಲೈಯಲ್ಲಿ ನಿಯಮ ಪ್ರಕಟಿಸಿತು. ಅದರ ಸಾರ ಇಷ್ಟು:

ಸಂಶಯವಿರುವ ಜಾಗಗಳನ್ನು ಗುರುತಿಸಿ ಆರು ತಿಂಗಳಿಗೊಮ್ಮೆ ಪಟ್ಟಿ ಕೊಡುವುದು ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತದ ಕೆಲಸ. ಪಟ್ಟಿ ಬಂದ ಮೇಲೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 90 ದಿನಗಳಲ್ಲಿ ಪ್ರಾಥಮಿಕ ಪರೀಕ್ಷೆ ಮಾಡಬೇಕು. ಸಂಶಯ ಗಟ್ಟಿಯಾದರೆ ಮತ್ತೆ ಮೂರು ತಿಂಗಳಲ್ಲಿ ವಿವರವಾದ ಪರೀಕ್ಷೆ. ವಿಷ ಇರುವುದು ಖಚಿತವಾದರೆ ಜಾಗದ ಹೆಸರನ್ನು ಸಾರ್ವಜನಿಕವಾಗಿ ಪ್ರಕಟಿಸಿ ಅಲ್ಲಿನ ಪ್ರವೇಶ, ಬಳಕೆಗೆ ನಿರ್ಬಂಧ ಹಾಕಬೇಕು. ತಜ್ಞ ಸಂಸ್ಥೆಯಿಂದ ಶುದ್ಧೀಕರಣದ ಯೋಜನೆ ಆಗಬೇಕು. ಕೆಡಿಸಿದವರು ಯಾರೆಂದು ಮಂಡಳಿ ಪತ್ತೆಹಚ್ಚಿ ಖರ್ಚನ್ನು ಅವರಿಂದ ವಸೂಲು ಮಾಡಬೇಕು. ಅವರು ಸಿಗದಿದ್ದರೆ ಅಥವಾ ತೆರಲಾರದಿದ್ದರೆ ಕೇಂದ್ರ, ರಾಜ್ಯ ಸರಕಾರಗಳು ಖರ್ಚು ನಿಭಾಯಿಸಬೇಕು.

ಇದನ್ನು ಓದುವಾಗ ನನಗೆ ಯಾಜಕಕಾಂಡದ 14ನೇ ಅಧ್ಯಾಯ ನೆನಪಾಯಿತು. ಮನೆಯ ಗೋಡೆಯಲ್ಲಿ ಕೆಟ್ಟ ಕಲೆ ಕಂಡರೆ ಮನೆಯೊಡೆಯ ತಾನೇ ಹೋಗಿ ಯಾಜಕನಿಗೆ ತಿಳಿಸಬೇಕು. ಮನೆ ಖಾಲಿಮಾಡಿಸಿ ಪರೀಕ್ಷಿಸಿ ಏಳು ದಿನ ಮುಚ್ಚಬೇಕು. ಕಲೆ ಹರಡಿದ್ದರೆ ಆ ಕಲ್ಲುಗಳನ್ನು ಕಿತ್ತು, ಗಾರೆ ಕೆರೆದು, ಊರ ಹೊರಗೆ ಅದಕ್ಕೆಂದೇ ಇರುವ ಜಾಗದಲ್ಲಿ ಹಾಕಬೇಕು. ಹೊಸ ಕಲ್ಲು, ಹೊಸ ಗಾರೆ. ಮತ್ತೆ ಬಂದರೆ ಮನೆಯನ್ನೇ ಕೆಡವಬೇಕು. ತಿಳಿಸುವುದು, ಮುಚ್ಚುವುದು, ಪರೀಕ್ಷಿಸುವುದು, ತೆಗೆಯುವುದು, ಮತ್ತೆ ಪರೀಕ್ಷಿಸುವುದು: ಹೊಸ ನಿಯಮದ ಕ್ರಮವೂ ಇದೇ.

ನಿಯಮದಲ್ಲಿ ಕೊರತೆಗಳೂ ಇವೆ. ಪರೀಕ್ಷೆಗೆ ದಿನ ನಿಗದಿಯಾಗಿದೆ, ಆದರೆ ಇಂತಿಷ್ಟು ವರ್ಷದಲ್ಲಿ ಜಾಗ ಶುದ್ಧವಾಗಲೇಬೇಕು ಎಂಬ ಗಡುವು ಇಲ್ಲ. ಗಣಿಗಾರಿಕೆ, ಅಣುವಿಕಿರಣದ ಕಸ, ಊರಿನ ಕಸದ ಗುಡ್ಡೆ ಇವು ಇದರ ವ್ಯಾಪ್ತಿಯಿಂದ ಹೊರಗೆ. ಗಡುವಿಲ್ಲದ ಕೆಲಸ ಹೇಗೆ ನಡೆಯುತ್ತದೆಂದು ಭೋಪಾಲ ತೋರಿಸಿದೆ. 1984ರ ಡಿಸೆಂಬರಿನ ಆ ರಾತ್ರಿಯ ಅನಿಲ ದುರಂತದ ನಂತರ ಕಾರ್ಖಾನೆಯ ಆವರಣದಲ್ಲಿ ಬಿದ್ದಿದ್ದ 337 ಟನ್ ವಿಷದ ಕಸವನ್ನು ಅಲ್ಲಿಂದ ಸಾಗಿಸಿದ್ದು 2025ರ ಜನವರಿಯಲ್ಲಿ. ನಲವತ್ತು ವರ್ಷ ಬೇಕಾಯಿತು. ಪೀಥಂಪುರಕ್ಕೆ ಒಯ್ದು ಸುಡುವಾಗ ಅಲ್ಲಿನ ಜನ ನಮ್ಮ ಊರಿಗೇಕೆ ಎಂದು ಬೀದಿಗಿಳಿದರು. ವಿಷಕ್ಕೆ ಊರ ಹೊರಗಿನ ಜಾಗ ಎಂಬುದು ಈಗ ಎಲ್ಲಿಯೂ ಉಳಿದಿಲ್ಲ.

ನಮ್ಮದೇ ಗುಡ್ಡಗಳು

ಕಾಸರಗೋಡಿನವರಾದ ನಮಗೆ ಇದೆಲ್ಲ ಹೊರಗಿನ ಕತೆಯಲ್ಲ. ಸರಕಾರಿ ಪ್ಲಾಂಟೇಶನ್ ನಿಗಮದ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು, ಎಣ್ಮಕಜೆ, ಪಡ್ರೆ, ವಾಣಿನಗರದ ಮನೆಗಳಲ್ಲಿ ಅದರಿಂದಾದ ದುಃಖ ನಮಗೆಲ್ಲ ಗೊತ್ತಿದೆ. ಮೊದಲು ಅದನ್ನು ಗುರುತಿಸಿ ಬರೆದವರು ಊರಿನ ವೈದ್ಯರಾದ ಡಾ. ಮೋಹನ ಕುಮಾರ್, ಲೋಕಕ್ಕೆ ಮುಟ್ಟಿಸಿದವರಲ್ಲಿ ಮುಖ್ಯರು ಕೃಷಿ ಪತ್ರಕರ್ತ ಶ್ರೀಪಡ್ರೆಯವರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದರ ತಯಾರಿ, ಮಾರಾಟ, ಬಳಕೆಯನ್ನು ನಿಲ್ಲಿಸಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರ ಜನವರಿಯಲ್ಲಿ ಕೇರಳ ಸರಕಾರಕ್ಕೆ ಆದೇಶಿಸಿತು.

ಸಿಂಪಡಣೆ ನಿಂತಿತು, ಪೀಪಾಯಿ ಉಳಿಯಿತು. ಗೋದಾಮುಗಳಲ್ಲಿ ಹಳೆಯ ಪೀಪಾಯಿಗಳು ಸೋರತೊಡಗಿ 2012ರಲ್ಲಿ ಅದನ್ನು ಹೊಸ ಪೀಪಾಯಿಗಳಿಗೆ ತುಂಬಿಸಬೇಕಾಯಿತು. ಗಡಿಯ ಮಿಂಚಿನಪದವಿನ ಗೇರುತೋಟದ ಹಳೆ ಬಾವಿಯಲ್ಲಿ ಎಂಡೋಸಲ್ಫಾನ್ ಹೂತಿದ್ದಾರೆ ಎಂಬ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಗೋದಾಮಿದ್ದ ಜಾಗ, ಔಷಧ ಬೆರೆಸಿದ ಜಾಗ, ಪೀಪಾಯಿ ತೊಳೆದ ಜಾಗ ಇವುಗಳನ್ನು ಮುಂದೆ ಯಾರು ಯಾವುದಕ್ಕೆ ಬಳಸುತ್ತಾರೆ? ಗೇರುಮರ ಕಡಿದು ಅಲ್ಲಿ ಅಂಗನವಾಡಿ ಕಟ್ಟಿದರೆ? ತರಕಾರಿ ಬೆಳೆದರೆ? ಪರೀಕ್ಷೆ ಮೊದಲು, ಕಟ್ಟಡ ಆಮೇಲೆ ಎಂದು ಹೇಳುವ ಹಕ್ಕು ನಮ್ಮ ಗ್ರಾಮಸಭೆಗಿದೆ.

ನಾವು ಮಾಡಬಹುದಾದದ್ದು

1. ಜಾಗ ಕೊಳ್ಳುವಾಗ ಆಧಾರ ಮತ್ತು ಋಣಭಾರ ಪತ್ರವನ್ನು ಮೂವತ್ತು ವರ್ಷ ಹಿಂದಕ್ಕೆ ನೋಡಿ. ಸಾಲ ಇದೆಯೇ ಎಂದಷ್ಟೇ ನೋಡಬೇಡಿ, ಅಲ್ಲಿ ಏನು ನಡೆಯುತ್ತಿತ್ತು ಎಂದು ಪಂಚಾಯತಿನಲ್ಲಿ ವಿಚಾರಿಸಿ. ನೆರೆಯ ಅಜ್ಜ ಅಜ್ಜಿಯರಿಗಿಂತ ಒಳ್ಳೆಯ ದಾಖಲೆ ಬೇರೆ ಇಲ್ಲ.

2. ಸಾಮಾನ್ಯ ಮಣ್ಣು ಪರೀಕ್ಷೆಯಲ್ಲಿ ಹುಳಿ, ಸಾರಜನಕ, ರಂಜಕ, ಪೊಟ್ಯಾಶ್ ಗೊತ್ತಾಗುತ್ತದೆ. ಸೀಸ, ಪಾದರಸ ಗೊತ್ತಾಗುವುದಿಲ್ಲ. 'ಭಾರಲೋಹ ಪರೀಕ್ಷೆ' ಬೇಕೆಂದು ಬೇರೆಯಾಗಿ ಕೇಳಬೇಕು. ಎಲ್ಲಿ ಮಾಡಿಸಬಹುದೆಂದು ಕೃಷಿಭವನದಲ್ಲಿ ವಿಚಾರಿಸಿ. ಒಲೆ ಇದ್ದ ಜಾಗ, ಚರಂಡಿ, ಕಸ ಸುರಿದ ಮೂಲೆ ಇವುಗಳ ಮಣ್ಣನ್ನು ಪ್ರತ್ಯೇಕವಾಗಿ ಕೊಡಿ. ಒಳ್ಳೆಯ ಮಣ್ಣಿನೊಂದಿಗೆ ಬೆರೆಸಬೇಡಿ. ಬಾವಿನೀರನ್ನೂ ಕೊಡಿ.

3. ತಗ್ಗು ತುಂಬಿಸಲು ಯಾರಾದರೂ ಪುಕ್ಕಟೆ ಮಣ್ಣು ತಂದು ಹಾಕುತ್ತೇನೆಂದರೆ ಅದು ಎಲ್ಲಿಯ ಮಣ್ಣೆಂದು ಮೊದಲು ಕೇಳಿ. ಒಂದು ರಾತ್ರಿ ಬಂದ ನಾಲ್ಕು ಲಾರಿ ಮಣ್ಣು ನಾಲ್ಕು ತಲೆಮಾರಿಗೆ ಉಳಿಯುತ್ತದೆ.

4. ಈಗಾಗಲೇ ಅಂತಹ ಜಾಗದ ಹತ್ತಿರ ವಾಸವಿದ್ದರೆ ಹೆದರಿ ಕೂರಬೇಡಿ. ಬರಿ ಮಣ್ಣು ಕಾಣದಂತೆ ಹುಲ್ಲು ಅಥವಾ ಹೊಸ ಮಣ್ಣು ಹೊದಿಸಿ. ಸೊಪ್ಪು, ಗೆಡ್ಡೆ, ಮೂಲಂಗಿ ಅಲ್ಲಿ ಬೇಡ. ಬೇಕಿದ್ದರೆ ಹೊರಗಿನ ಒಳ್ಳೆಯ ಮಣ್ಣು ತುಂಬಿದ ಚಟ್ಟಿಗಳಲ್ಲಿ ಬೆಳೆಯಿರಿ. ಸುಣ್ಣ ಮತ್ತು ಹಟ್ಟಿಗೊಬ್ಬರ ಹಾಕಿದರೆ ಗಿಡ ಸೀಸ ಹೀರುವುದು ಕಡಿಮೆಯಾಗುತ್ತದೆ, ಆದರೆ ಸೀಸ ಹೋಗುವುದಿಲ್ಲ. ಊಟದ ಮೊದಲು ಮಕ್ಕಳ ಕೈ ತೊಳೆಸಿ. ಚಪ್ಪಲಿ ಹೊರಗೆ ಇರಲಿ. ಸಂಶಯವಿದ್ದರೆ ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಲು ವೈದ್ಯರಿಗೆ ಹೇಳಿ.

5. ನಮ್ಮ ಕೈಯೂ ಶುದ್ಧವಿರಲಿ. ಹಳೆ ಬ್ಯಾಟರಿಯನ್ನು ಮನೆಯಲ್ಲಿ ಒಡೆಯಬೇಡಿ. ಹೊಸತು ಕೊಳ್ಳುವಾಗ ಅಂಗಡಿಗೇ ಹಿಂದೆ ಕೊಡಿ. ಕೀಟನಾಶಕದ ಖಾಲಿ ಡಬ್ಬಿಯನ್ನು ಹಾಳುಬಾವಿಗೆ ಎಸೆಯಬೇಡಿ. ಹಾಳುಬಾವಿಯ ನೀರೂ ಊರಿನ ಬಾವಿಯ ನೀರೂ ನೆಲದೊಳಗೆ ಒಂದೇ.

6. ಸಂಶಯದ ಜಾಗವಿದ್ದರೆ ಪಂಚಾಯತಿಗೆ ಬರಹದಲ್ಲಿ ಕೊಡಿ, ರಶೀದಿ ಪಡೆಯಿರಿ, ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ. 2025ರ ನಿಯಮದಂತೆ ಪಟ್ಟಿಗೆ ಸೇರಿಸಿ ಎಂದು ಕೇಳಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆ ಇದೆ.

ತೆನೆ ಆಶೀರ್ವದಿಸುವ ಕೈ

ದೇವರು ಆದಾಮನನ್ನು ತೋಟದಲ್ಲಿ ಇರಿಸಿದ್ದು ಅದನ್ನು ಉಳಲು ಮತ್ತು ಕಾಯಲು ಎಂದು ಆದಿಕಾಂಡ ಹೇಳುತ್ತದೆ. ಉಳುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ. ಕಾಯುವ ಕೆಲಸವೇ ಹಿಂದುಳಿದಿದೆ. ಪರಿಸರದ ಕೇಡು ನೈತಿಕ ಸಮಸ್ಯೆ ಎಂದು ಜಗದ್ಗುರು ಎರಡನೆಯ ಜಾನ್ ಪಾಲರು 1990ರ ಹೊಸ ವರ್ಷದ ಶಾಂತಿ ಸಂದೇಶದಲ್ಲಿಯೇ ಎಚ್ಚರಿಸಿದ್ದರು. ಭೂಮಿಯ ಗೋಳು ಮತ್ತು ಬಡವರ ಗೋಳು ಬೇರೆಬೇರೆಯಲ್ಲ ಎಂದು ಪೋಪ್ ಫ್ರಾನ್ಸಿಸರು 2015ರ 'ಲೌದಾತೊ ಸಿ' ಪತ್ರದಲ್ಲಿ ಕಲಿಸಿದರು. ಆ ಬಾಡಿಗೆ ಕೋಣೆಗಳ ಅಂಗಳದಲ್ಲಿ ನಾನು ಕಂಡದ್ದು ಅದನ್ನೇ.

ಆ ದಿನ ಮದುವೆಯಿಂದ ಬಂದವನೇ ನಮ್ಮ ಹಿರಿಯ ಕೃಷಿಕರ ಮನೆಗೆ ಹೋದೆ. ಕಂಡದ್ದನ್ನು ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾವು ಬಿಟ್ಟೆವು, ಆದರೆ ಹೇಳಲಿಲ್ಲ ಅಲ್ವಾ ಮಾಸ್ಟ್ರೇ" ಎಂದರು. ಮರುವಾರ ಇಬ್ಬರೂ ಸೇರಿ ಆ ಪಂಚಾಯತಿಗೆ ಅರ್ಜಿ ಬರೆದುಕೊಟ್ಟೆವು. ಕೋಣೆಗಳಲ್ಲಿರುವ ತಾಯಂದಿರಿಗೂ ಹೋಗಿ ತಿಳಿಸಿದೆವು. ಭಾಷೆ ಬಾರದಿದ್ದರೂ ಮಕ್ಕಳ ಕೈ ತೋರಿಸಿ ಹೇಳಿದ್ದು ಅವರಿಗೆ ಅರ್ಥವಾಯಿತು. ಅರ್ಜಿಗೆ ರಶೀದಿ ಸಿಕ್ಕಿದೆ, ಉತ್ತರ ಇನ್ನೂ ಸಿಕ್ಕಿಲ್ಲ. ಬರುವ ಗ್ರಾಮಸಭೆಗೆ ಆ ವಾರ್ಡಿನ ನಮ್ಮ ಧರ್ಮಕೇಂದ್ರದವರು ತಪ್ಪದೆ ಹೋಗಬೇಕೆಂದು ಕೇಳಿಕೊಳ್ಳುತ್ತೇನೆ. ಅರ್ಜಿಯ ಪ್ರತಿ ನನ್ನಲ್ಲಿದೆ, ಬೇಕಾದವರು ಪೂಜೆಯ ನಂತರ ಕೇಳಿ ಪಡೆಯಬಹುದು.

ಬರುವ ಸೆಪ್ಟೆಂಬರ್ 8ಕ್ಕೆ ಮತ್ತೆ ತೆನೆ ಹಿಡಿದು ಮೆರವಣಿಗೆಯಲ್ಲಿ ಬರುತ್ತೇವೆ. ಆಶೀರ್ವದಿಸಿದ ಭತ್ತವನ್ನು ಸುಲಿದು ಹಾಲಿಗೆ ಹಾಕಿ ಮನೆಯವರೆಲ್ಲ ಕುಡಿಯುತ್ತೇವೆ, ಮೊದಲು ಮಕ್ಕಳಿಗೆ ಕೊಡುತ್ತೇವೆ. ಆ ತೆನೆ ನಿಂತ ಮಣ್ಣಿನಲ್ಲಿ ಏನಿದೆ ಎಂದು ತಿಳಿದುಕೊಳ್ಳುವುದೂ ಆ ಹಬ್ಬದ ಭಾಗವೇ.